ತಂಗಿ ಮದುವೆಯಲ್ಲಿ ಎರಡು ಮಾತು ಆಡಬೇಕಂತೆ, ಏನು ಹೇಳಲಿ?

ರಿವೈಂಡಿಂಗ್ ಅಣ್ಣ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ ಇದೆ. ಹಾಸನದಲ್ಲೇ, ಬಿ.ಎಂ. ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಆಲೂಗಡ್ಡೆ ಬಿತ್ತನೆ ಶುರುವಾಗುವ ಮುಂಚೆ ಮುಗಿಸಬೇಕು ಅಂತ ಲಗ್ನ ಹುಡುಕಿಸಿದ್ದೇವೆ. ಗಂಡು ಮೂಡಿಗೆರೆ ಕಡೆಯವರು. ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ.

ಅಡುಗೆ ಭಟ್ಟರಿಗೆ ಅಡ್ವಾನ್ಸ್ ಹೋಗಿದೆ, ಓಲಗದವರು ಒಪ್ಪಿದ್ದಾರೆ, ಲಗ್ನಪತ್ರಿಕೆ ಹಂಚುವುದು ಅರ್ಧ ಆಗಿದೆ. ತೊಂದರೆ ಬಂದಿರುವುದು ಬೇರೆ ಕಡೆಯಿಂದ. ಆರತಕ್ಷತೆ ದಿನ ಗಂಡಿನ ಗೆಳೆಯರು ಟೋಸ್ಟ್ ಕೊಡುತ್ತಾರಂತೆ. ನಾನು ಬ್ರೆಡ್ ಟೋಸ್ಟ್ ಅಂದುಕೊಂಡು, "ಭಟ್ಟರಿಗೆ ಈಗಲೇ ಹೇಳಬೇಕಲ್ಲ, ಎಷ್ಟು ಪೌಂಡ್ ಬ್ರೆಡ್ ಬೇಕು?" ಅಂತ ಕೇಳಿಬಿಟ್ಟೆ. ಮನೆಯಲ್ಲಿ ಇನ್ನೂ ನಗು ನಿಂತಿಲ್ಲ. ಆಮೇಲೆ ಗೊತ್ತಾಯಿತು, ಮೈಕ್ ಹಿಡಿದು ಹುಡುಗ ಹುಡುಗಿ ಬಗ್ಗೆ ಒಳ್ಳೆಯ ಮಾತಾಡಿ ಲೋಟ ಎತ್ತುವುದಂತೆ. "ಅವರ ಕಡೆಯಿಂದ ನಾಲ್ಕು ಜನ ಮಾತಾಡುತ್ತಾರೆ, ನಮ್ಮ ಕಡೆಯಿಂದ ನೀನು ಮಾತಾಡಣ್ಣ" ಅಂತ ತಂಗಿ ಹಟ ಹಿಡಿದಿದ್ದಾಳೆ.

ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಮೈಕ್ ಹಿಡಿದಿದ್ದು ಒಂದೇ ಸಲ, ಗಣಪತಿ ಪೆಂಡಾಲಿನಲ್ಲಿ, ಅದೂ ಕಳೆದುಹೋದ ಮಗುವಿನ ಗುರುತು ಹೇಳುವುದಕ್ಕೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಧಾರೆ ಎರೆಯುವುದೂ ನಾನು, ನನ್ನ ಹೆಂಡತಿಯೇ. ಹಾಗಾಗಿ ಆಗಲ್ಲ ಅನ್ನುವುದಕ್ಕೂ ಬಾಯಿ ಬರುತ್ತಿಲ್ಲ. ಏನು ಹೇಳಬೇಕು, ಎಷ್ಟು ಹೊತ್ತು ಹೇಳಬೇಕು, ಗೊತ್ತಿದ್ದವರು ತಿಳಿಸಿ.

ಆಲೂರು ಮೇಷ್ಟ್ರು

ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದೆ. ಬೀಳ್ಕೊಡುಗೆ, ಸನ್ಮಾನ, ಮದುವೆ ಎಲ್ಲ ಕಡೆ ಮೈಕ್ ನನ್ನ ಕೈಗೇ ಬರುತ್ತಿತ್ತು. ಹಾಗಾಗಿ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಒಬ್ಬ ಶಿಷ್ಯನ ಮದುವೆಯಲ್ಲಿ ಇಪ್ಪತ್ತೆರಡು ನಿಮಿಷ ಮಾತಾಡಿದೆ. ಗೃಹಸ್ಥಾಶ್ರಮದಿಂದ ಶುರು ಮಾಡಿ, ಹೊಯ್ಸಳರ ಕಾಲಕ್ಕೆ ಹೋಗಿ, ಬೇಲೂರಿನ ಶಿಲಾಬಾಲಿಕೆಯರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿಕೊಂಡು ಬಂದೆ. ಕಣ್ಣು ಬಿಟ್ಟು ನೋಡಿದರೆ ಮುಂದಿನ ಮೂರು ಸಾಲು ಖಾಲಿ. ಎಲ್ಲರೂ ಪಂಕ್ತಿ ಹಿಡಿಯಲು ಹೋಗಿದ್ದರು. ಉಳಿದಿದ್ದವರು ಹುಡುಗ, ಹುಡುಗಿ, ಫೋಟೋದವನು ಮತ್ತು ಕಿವಿ ಕೇಳದ ಒಬ್ಬ ಅಜ್ಜ. ಅಜ್ಜ ಮಾತ್ರ ಕೊನೆಗೆ ಚಪ್ಪಾಳೆ ಹೊಡೆದರು.

ಮೂರು ನಿಮಿಷ ಸಾಕು. ಕೈಬರಹದಲ್ಲಿ ಒಂದು ಪುಟ. ಮನೆಯಲ್ಲಿ ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ. ಮನಸ್ಸಿನಲ್ಲೇ ಓದಿಕೊಂಡರೆ ಲೆಕ್ಕ ಸಿಗುವುದಿಲ್ಲ, ಬಾಯಿಗಿಂತ ಕಣ್ಣು ಬೇಗ ಓಡುತ್ತದೆ.

ಮೂಡಿಗೆರೆ ತೋಟದವ

ಗಂಡು ನಮ್ಮ ಕಡೆಯವರು ಅಂದಿರಿ, ಸಂತೋಷ. ನಮ್ಮ ಕಡೆ ಪ್ಲಾಂಟರ್‌ಗಳ ಕ್ಲಬ್ಬುಗಳಲ್ಲಿ ಟೋಸ್ಟ್ ಹೊಸದಲ್ಲ. ಬಿಳಿ ದೊರೆಗಳು ಬಿಟ್ಟುಹೋದ ಅಭ್ಯಾಸ. ನಿಮ್ಮ ಬ್ರೆಡ್ ಪ್ರಶ್ನೆಗೆ ಯಾರೂ ನಗಬಾರದು. ಆ ಹೆಸರು ಬಂದಿದ್ದೇ ಬ್ರೆಡ್‌ನಿಂದ. ಹಿಂದೆ ಇಂಗ್ಲೆಂಡಿನಲ್ಲಿ ವೈನಿಗೆ ಮಸಾಲೆ ಹಚ್ಚಿ ಸುಟ್ಟ ಬ್ರೆಡ್ ಚೂರು ಹಾಕುತ್ತಿದ್ದರು, ರುಚಿ ಬರಲಿ ಅಂತ. ಯಾರ ಹೆಸರು ಹೇಳಿ ಕುಡಿಯುತ್ತಾರೋ ಅವರ ಹೆಸರೇ ಪಾನಕ್ಕೆ ರುಚಿ ಕೊಡುತ್ತದೆ ಅನ್ನುವ ಅರ್ಥದಲ್ಲಿ ಆ ಮಾತು ಮನುಷ್ಯರಿಗೂ ಅಂಟಿಕೊಂಡಿತು. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಬಂದ ಬಳಕೆ.

ಕ್ರಮ ಬಹಳ ಸುಲಭ. ಎದ್ದು ನಿಲ್ಲಿ. ಮಾತು ಮುಗಿಸಿ. ಎಲ್ಲರಿಗೂ ಎದ್ದು ನಿಲ್ಲಲು ಹೇಳಿ. ಲೋಟ ಎತ್ತಿ ಹುಡುಗ ಹುಡುಗಿಯ ಹೆಸರು ಹೇಳಿ. ಎಲ್ಲರೂ ಆ ಹೆಸರನ್ನು ಒಟ್ಟಿಗೆ ಹೇಳಿ ಒಂದು ಗುಟುಕು ಕುಡಿಯುತ್ತಾರೆ. ಯಾರಿಗೆ ಹಾರೈಸುತ್ತಿದ್ದೀರೋ ಅವರು ಕೂತೇ ಇರಬೇಕು, ಆ ಗುಟುಕು ಕುಡಿಯಬಾರದು. ತಮಗೆ ತಾವೇ ಹರಸಿಕೊಂಡ ಹಾಗಾಗುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ. ಬ್ರಿಟಿಷರ ಮದುವೆಯಲ್ಲಿ ಹುಡುಗಿಯ ಅಪ್ಪ ಮೊದಲು, ಆಮೇಲೆ ಗಂಡು, ಕೊನೆಗೆ ಗಂಡಿನ ಜೊತೆ ನಿಂತ ಗೆಳೆಯ ಮಾತಾಡುವುದು ವಾಡಿಕೆ. ನೀವು ಅಪ್ಪನ ಜಾಗದಲ್ಲಿ ಇರುವುದರಿಂದ ಮೊದಲ ಮಾತು ನಿಮ್ಮದೇ. ಕೇಳಿ ತೆಗೆದುಕೊಳ್ಳಿ. ಗೆಳೆಯರು ನಗಿಸಿದ ಮೇಲೆ ಮಾತಾಡುವುದು ಕಷ್ಟ.

ಲೋಟದಲ್ಲಿ ಏನಿರಬೇಕು ಅಂತ ಯಾವ ಕಾನೂನೂ ಇಲ್ಲ. ಬಾದಾಮಿ ಹಾಲಾದರೂ ಆಯಿತು, ಕಾಫಿಯಾದರೂ ಆಯಿತು.

ಸೋಬಾನೆ ಸೊಸೆ

ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಇದೆಲ್ಲ ಯಾಕೆ ಬೇಕು? ನಮ್ಮ ಮದುವೆಯಲ್ಲಿ ಹಾರೈಸುವುದಕ್ಕೆ, ರೇಗಿಸುವುದಕ್ಕೆ ದಾರಿ ಇರಲಿಲ್ವಾ? ಸೋಬಾನೆ ಪದ ಅಂದರೆ ಏನು ಮತ್ತೆ? ಹರಸುವುದೂ ಅದರಲ್ಲೇ, ಬೀಗರ ಮಾನ ಕಳೆಯುವುದೂ ಅದರಲ್ಲೇ. ನಮ್ಮತ್ತೆ ನನ್ನ ನಾದಿನಿ ಮದುವೆಯಲ್ಲಿ, ಗಂಡಿನ ಕಡೆಯವರು ಗತ್ತಿನಿಂದ ಒಳಗೆ ಬರುವಾಗ, ನಿಂತ ಜಾಗದಲ್ಲೇ ಕಟ್ಟಿ ಹಾಡಿದ್ದು ಇದು:

ಬೀಗರು ಬಂದವರೆ ಬಾಗಿಲ ತೆಗಿರವ್ವ
ಬಾಗದ ತಲೆಗೆ ಬಡಿದೀತು ನಮ್ಮನೆಯ
ಬಾಗಿಲ ಪಟ್ಟಿ ಬಲು ತಗ್ಗು, ಸೋಬಾನವೇ

ಗಂಡಿನ ದೊಡ್ಡಪ್ಪ ನಿಜವಾಗಿಯೂ ತಲೆ ಬಗ್ಗಿಸಿಕೊಂಡು ಒಳಗೆ ಬಂದರು. ಇಡೀ ಚಪ್ಪರ ನಕ್ಕಿತು. ಮೂರು ಸಾಲು, ಅಷ್ಟೇ. ಮೇಷ್ಟ್ರ ಇಪ್ಪತ್ತೆರಡು ನಿಮಿಷ ಎಲ್ಲಿ, ಇದು ಎಲ್ಲಿ!

ಇನ್ನು ಹೆಸರು ಹೇಳಿಸುವುದು. ಹೊಸಿಲು ದಾಟುವಾಗ ನಾದಿನಿಯರು ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಅನ್ನುತ್ತಿದ್ದರು. ಸುಮ್ನೆ ಹೆಸರು ಹೇಳಿದರೆ ಸಾಲದು, ಪದ ಕಟ್ಟಿ ಹೇಳಬೇಕು. ನಾನು ಹೇಳಿದ್ದು: "ಹೇಮಾವತಿ ಹೊಳೆಗೆ ಹರಿಗೋಲು ಚೆಂದ, ಹೊಸಿಲಿಗೆ ಅರಿಶಿನ ಕುಂಕುಮ ಚೆಂದ, ಹತ್ತು ಜನರ ಮುಂದೆ ಇವರ ಹೆಸರು ನನ್ನ ಬಾಯಲ್ಲೇ ಚೆಂದ." ಹೇಳಿ ಹೆಸರು ಕೂಗಿದೆ. ಇದು ಟೋಸ್ಟ್ ಅಲ್ಲವಾದರೆ ಇನ್ಯಾವುದು?

ಬಾಳೆಹೊನ್ನೂರು ಕೊಂಕಣಿ

ಸೋಬಾನೆ ಸೊಸೆಯವರೇ, ಎರಡೂ ಇರಲಿ ಬಿಡಿ. ನಮ್ಮ ಮನೆಗಳಲ್ಲಿ ಎರಡೂ ಇವೆ. ನಾವು ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ತೋಟದ ಕೆಲಸಕ್ಕೆ ಬಂದವರು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಗಿದ್ದು 1963ರಲ್ಲಿ. ಹಾಸನ ಜಿಲ್ಲೆಯೂ ಅದಕ್ಕೇ ಸೇರುತ್ತದೆ. ಮದುವೆಯ ಹಿಂದಿನ ದಿನ ನಮ್ಮಲ್ಲಿ ರೋಸ್, ಅಂದರೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅಲ್ಲಿ ಅಜ್ಜಿಯರು ಹಳೆಯ ಕೊಂಕಣಿ ಪದ ಹಾಡುತ್ತಾರೆ. ಮರುದಿನ ಇಗರ್ಜಿ ಮುಗಿದು ಹಾಲ್‌ಗೆ ಬಂದರೆ ಕೇಕ್, ಆಮೇಲೆ ಟೋಸ್ಟ್.

ನಮ್ಮಲ್ಲಿ ಟೋಸ್ಟ್ ಎತ್ತುವವರನ್ನು ಮೊದಲೇ ಗೊತ್ತು ಮಾಡುತ್ತೇವೆ. ಸಾಮಾನ್ಯವಾಗಿ ಸೋದರಮಾವನೋ ದೊಡ್ಡಪ್ಪನೋ. ನಾನು ಕೇಳಿದ ನೂರಾರು ಟೋಸ್ಟ್‌ಗಳಲ್ಲಿ ಜಾಸ್ತಿಯವು ಒಂದೇ ತರ. ಹುಡುಗಿ ಶಾಂತ ಸ್ವಭಾವದವಳು, ಹುಡುಗ ಕಷ್ಟಪಟ್ಟು ಮೇಲೆ ಬಂದವನು, ಎರಡೂ ಮನೆತನ ಒಳ್ಳೆಯವು. ಹೆಸರು ಬದಲಾಯಿಸಿದರೆ ಯಾರ ಮದುವೆಗಾದರೂ ಹೊಂದುತ್ತದೆ. ನೆನಪಿರುವುದು ಒಂದೇ. ನನ್ನ ಕಸಿನ್ ಮದುವೆಯಲ್ಲಿ ಅವಳ ಮಾವ ಎದ್ದು ಹೀಗೆ ಹೇಳಿದರು: "ಇವಳು ಐದನೇ ಕ್ಲಾಸಿನಲ್ಲಿದ್ದಾಗ ಭದ್ರಾ ಹೊಳೆ ತುಂಬಿ ಶಾಲೆಗೆ ರಜಾ ಕೊಟ್ಟರು. ಎಲ್ಲ ಮಕ್ಕಳೂ ಕುಣಿದರು. ಇವಳು ಅತ್ತಳು. ಯಾಕೆ ಅಂದರೆ ಅವತ್ತು ಇವಳ ಸರದಿ, ಗಂಟೆ ಹೊಡೆಯುವುದು." ಹೇಳಿ ಹುಡುಗನ ಕಡೆ ತಿರುಗಿ, "ಇವಳ ಸರದಿ ತಪ್ಪಿಸಬೇಡಪ್ಪ" ಅಂದು ಲೋಟ ಎತ್ತಿದರು. ಒಂದು ನಿಮಿಷವೂ ಆಗಿರಲಿಲ್ಲ. ಹನ್ನೊಂದು ವರ್ಷ ಆಯಿತು, ಮನೆಯಲ್ಲಿ ಇವತ್ತಿಗೂ ಯಾರಾದರೂ ಜಗಳವಾಡಿದರೆ "ಸರದಿ, ಸರದಿ" ಅನ್ನುತ್ತೇವೆ.

ಮೈಕ್ ಸೆಟ್ ಹಾಸನ

ಇಲ್ಲಿ ಎಲ್ಲರೂ ಏನು ಮಾತಾಡಬೇಕು ಅಂತ ಹೇಳುತ್ತಿದ್ದಾರೆ. ಕೇಳಿಸುತ್ತದಾ ಅಂತ ಯಾರೂ ಯೋಚಿಸಿಲ್ಲ. ಹದಿನಾಲ್ಕು ವರ್ಷದಿಂದ ಮೈಕ್ ಹಾಕುತ್ತಿದ್ದೇನೆ. ಆರತಕ್ಷತೆಯಲ್ಲಿ ಮಾತಾಡಿ ಗೆದ್ದವರನ್ನು ಬೆರಳಲ್ಲಿ ಎಣಿಸಬಹುದು. ಕಾರಣ ಮಾತಲ್ಲ, ಹೊತ್ತು. ಏಳೂವರೆಗೆ ಸ್ಟೇಜಿಗೆ ಲೈನ್ ಶುರುವಾಗುತ್ತದೆ. ಒಂದು ಕಡೆ ಆರ್ಕೆಸ್ಟ್ರಾ, ಒಂದು ಕಡೆ ಮುಯ್ಯಿ ಬರೆಯುವ ಟೇಬಲ್, ಕೆಳಗೆ ಊಟದ ಹಾಲ್. ಲೈನ್‌ನಲ್ಲಿ ನಿಂತವರಿಗೆ ನಿಮ್ಮ ಮಾತು ಬೇಡ, ಅವರಿಗೆ ಕವರ್ ಕೊಟ್ಟು ಫೋಟೋ ಹಿಡಿಸಿಕೊಂಡು ಊಟಕ್ಕೆ ಹೋಗಬೇಕು. ನೀವು ಲೈನ್ ನಿಲ್ಲಿಸಿ ಮಾತಾಡಿದರೆ ಬೈಗುಳ ಗ್ಯಾರಂಟಿ. ನಿಲ್ಲಿಸದೆ ಮಾತಾಡಿದರೆ ಹುಡುಗ ಹುಡುಗಿಯೇ ಕೇಳುವುದಿಲ್ಲ, ಅವರು ಕ್ಯಾಮೆರಾ ನೋಡುತ್ತಿರುತ್ತಾರೆ.

ಹಾಗಾಗಿ ಒಂದೋ ಹುಡುಗ ಹುಡುಗಿ ಸ್ಟೇಜಿಗೆ ಬಂದ ತಕ್ಷಣ, ಲೈನ್ ಕಟ್ಟುವ ಮುಂಚೆ ಮಾತಾಡಿ. ಇಲ್ಲ ಆರತಕ್ಷತೆ ಬಿಟ್ಟುಬಿಡಿ.

ಮೈಕ್ ಬಗ್ಗೆ: ಬಾಯಿಂದ ನಾಲ್ಕು ಬೆರಳು ದೂರ, ಗದ್ದದ ಹತ್ತಿರ. ಜಾಲರಿ ಮುಚ್ಚಿ ಹಿಡಿಯಬೇಡಿ. ಸ್ಪೀಕರ್ ಮುಂದೆ ಹೋಗಿ ನಿಲ್ಲಬೇಡಿ, ಕುಂಯ್ ಅನ್ನುತ್ತದೆ. ಆಗ ಎಲ್ಲರೂ ನನ್ನನ್ನು ಬೈಯುತ್ತಾರೆ. ಕಾರ್ಡ್‌ಲೆಸ್ ಕೊಟ್ಟರೆ ಹೊಸ ಬ್ಯಾಟರಿ ಹಾಕಿದ್ದಾರಾ ಕೇಳಿ. ಬೆರಳಿಂದ ಟಪಟಪ ಹೊಡೆದು ನೋಡುವುದು ಬೇಡ, "ನಮಸ್ಕಾರ" ಅಂದರೆ ಸಾಕು, ಟೆಸ್ಟೂ ಆಯಿತು, ಮಾತೂ ಶುರುವಾಯಿತು.

ಸಕಲೇಶಪುರದ ಮಳೆ

ಮೈಕ್ ಸೆಟ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನದೊಂದು ನೋವಿನ ಕಥೆ ಇದೆ. ನನ್ನ ಆರತಕ್ಷತೆಯಲ್ಲಿ ಮೈಕ್ ಚೆನ್ನಾಗಿಯೇ ಕೇಳಿಸಿತು, ಅದೇ ತೊಂದರೆಯಾಯಿತು. ನನ್ನ ಗಂಡನ ಗೆಳೆಯರೊಬ್ಬರು ತಮಾಷೆ ಮಾಡುತ್ತೇನೆ ಅಂತ ಎದ್ದರು. ಹಾಸ್ಟೆಲ್ ದಿನಗಳು, ಸಪ್ಲಿಮೆಂಟರಿ ಪರೀಕ್ಷೆ, ಇವೆಲ್ಲ ಸರಿ. ಆಮೇಲೆ ಇವರು ಹಿಂದೆ ಯಾರನ್ನೋ ಇಷ್ಟಪಟ್ಟು ಗಡ್ಡ ಬಿಟ್ಟಿದ್ದ ಕಥೆ. ಆ ವಿಷಯ ನನಗೆ ಮೊದಲೇ ಗೊತ್ತಿತ್ತು, ನಗು ಬಂತು. ನಮ್ಮ ಅಜ್ಜನಿಗೆ ಗೊತ್ತಿರಲಿಲ್ಲ. ಅಜ್ಜ ಎದ್ದು ಸುಮ್ನೆ ಹೊರಗೆ ಹೋಗಿ ಕಾರಿನಲ್ಲಿ ಕೂತರು. ಅವತ್ತು ಊಟ ಮಾಡಲಿಲ್ಲ. ಬೆಳಿಗ್ಗೆ ಮುಹೂರ್ತಕ್ಕೆ ಬಂದರು, ಆದರೆ ಮಾತಿಲ್ಲ. ಎರಡು ವರ್ಷ ಬೇಕಾಯಿತು ಸರಿಹೋಗಲು.

ಗೆಳೆಯರ ನಡುವೆ ನಗು ಬರುವ ಮಾತು ಮುಂದಿನ ಸಾಲಿನ ಅಜ್ಜನಿಗೆ ಏನಾಗುತ್ತದೆ ಅಂತ ಯೋಚಿಸಿ. ಮೈಕ್ ಎಲ್ಲರಿಗೂ ಒಂದೇ. ಮೈಬಣ್ಣ, ತೂಕ, ಸಂಬಳ, ಹಳೆಯ ಸಂಬಂಧ, ಯಾವಾಗ ಮಕ್ಕಳು ಅನ್ನುವುದು, ಇವು ಐದೂ ಬೇಡ. ರೇಗಿಸಲೇಬೇಕಾದರೆ ನಿಮ್ಮನ್ನು ನೀವೇ ರೇಗಿಸಿಕೊಳ್ಳಿ. ಬ್ರೆಡ್ ಕಥೆ ಹೇಳಿ, ಚೆನ್ನಾಗಿದೆ.

ಸೋಬಾನೆ ಸೊಸೆ

ಸೋಬಾನೆಯಲ್ಲೂ ಇದೇ ಲೆಕ್ಕ ನೋಡಿ. ಬೀಗರ ಗತ್ತು, ಬೀಗಿತ್ತಿಯ ಸೆರಗು, ತಂದ ಹಣ್ಣು ಹುಳಿ, ಇವನ್ನು ಆಡಿಕೊಳ್ಳುತ್ತಿದ್ದರು. ಹುಡುಗಿಯನ್ನು ಮುಟ್ಟುತ್ತಿರಲಿಲ್ಲ.

ಬೆಂಗಳೂರು ಸೇರಿದ ಕಡೂರಿನವ

ನಾನು ಆಫೀಸಿನಲ್ಲಿ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಸೇರಿದ್ದೇನೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಂಸ್ಥೆ, ಭಾಷಣದ ಅಂಜಿಕೆ ಬಿಡಿಸುವುದೇ ಅದರ ಕೆಲಸ. ಅಲ್ಲಿ ಒಬ್ಬರು ಟೈಮ್ ನೋಡುತ್ತಾರೆ. ಐದು ನಿಮಿಷಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಇನ್ನೊಬ್ಬರ ಕೆಲಸ ನಾವು ಎಷ್ಟು ಸಲ "ಆಂ, ಊಂ" ಅಂದೆವು ಎಂದು ಎಣಿಸುವುದು. ಮೊದಲ ದಿನ ನನ್ನ ಲೆಕ್ಕದಲ್ಲಿ "ಏನಪ್ಪಾ ಅಂದ್ರೆ" ಹದಿನೇಳು ಸಲ ಬಂದಿತ್ತು. ಇಂಗ್ಲಿಷ್ ಭಾಷಣದಲ್ಲಿ!

ನನಗೆ ಸಹಾಯ ಆಗಿದ್ದು ಎರಡೇ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಪಾಠ ಮಾಡಿ, ಮಧ್ಯದ್ದು ಹೇಗೋ ಆಗುತ್ತದೆ. ಮತ್ತೆ ಮಾತು ಮರೆತರೆ ಸುಮ್ಮನೆ ನಿಲ್ಲಿ. ನಿಮಗೆ ಅರ್ಧ ಗಂಟೆ ಅನ್ನಿಸುವ ಮೌನ ಕೇಳುವವರಿಗೆ ಎರಡು ಸೆಕೆಂಡ್.

ರಿವೈಂಡಿಂಗ್ ಅಣ್ಣ

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಅಂಗಡಿ ಮುಚ್ಚಿ ಕೂತು ಬರೆದೆ. ನೋಡಿ ಹೇಳಿ.

"ವೇದಿಕೆಯ ಮೇಲೆ ಆಸೀನರಾಗಿರುವ ವಧೂವರರೇ, ಗುರುಹಿರಿಯರೇ, ಬಂಧುಮಿತ್ರರೇ. ಈ ಶುಭ ಸಂದರ್ಭದಲ್ಲಿ ಎರಡು ಮಾತನಾಡಲು ಅವಕಾಶ ಮಾಡಿಕೊಟ್ಟದ್ದಕ್ಕೆ ವಂದನೆಗಳು. ಮದುವೆ ಎನ್ನುವುದು ಎರಡು ಹೃದಯಗಳ ಬೆಸುಗೆ. ನನ್ನ ತಂಗಿ ಸದ್ಗುಣ ಸಂಪನ್ನೆ. ಅವಳು ಬಾಲ್ಯದಿಂದಲೂ ಓದಿನಲ್ಲಿ ಮುಂದು. ಅವರ ದಾಂಪತ್ಯ ಹಾಲು ಜೇನಿನಂತಿರಲಿ ಎಂದು ಆ ಭಗವಂತನಲ್ಲಿ ಪ್ರಾರ್ಥಿಸುತ್ತೇನೆ."

ಆಲೂರು ಮೇಷ್ಟ್ರು

ಮಗನೇ, ಇದು ನನ್ನ ಭಾಷಣ! ಎಲ್ಲಿ ಸಿಕ್ಕಿತು ನಿನಗೆ? ನೀನು ಮನೆಯಲ್ಲಿ ತಂಗಿಯನ್ನು "ಸದ್ಗುಣ ಸಂಪನ್ನೆ, ಬಾ ಊಟಕ್ಕೆ" ಅಂತ ಕರೆಯುತ್ತೀಯಾ? ಮೊದಲ ಮೂರು ಸಾಲು ಪೂರ್ತಿ ತೆಗೆ. ನಮಸ್ಕಾರ, ನಾನು ಇವಳ ಅಣ್ಣ, ಅಷ್ಟು ಸಾಕು. ಅವಳು ಚಿಕ್ಕವಳಿದ್ದಾಗ ಮಾಡಿದ ಒಂದು ಕೆಲಸ ಹೇಳು. ನೀನೇ ಕಣ್ಣಾರೆ ನೋಡಿದ್ದು. ಗುಣ ಹೇಳಬೇಡ, ಕೆಲಸ ಹೇಳು. ಗುಣ ಜನರೇ ಕಂಡುಕೊಳ್ಳುತ್ತಾರೆ.

ಬಾಳೆಹೊನ್ನೂರು ಕೊಂಕಣಿ

ಬೆಸುಗೆ ಅಂದಿರಿ, ಮೋಟರ್ ಕಟ್ಟುವವರು ನೀವು, ಬೆಸುಗೆ ಹಾಕುವವರು. ಅಂಗಡಿಯಲ್ಲಿ ಏನಾದರೂ ನೆನಪಿಲ್ಲವಾ?

ರಿವೈಂಡಿಂಗ್ ಅಣ್ಣ

ಅಂಗಡಿಯದೇ ಒಂದು ಇದೆ. ಭಾಷಣಕ್ಕೆ ಆಗುತ್ತದಾ ಗೊತ್ತಿಲ್ಲ, ಸುಮ್ನೆ ಬರೆಯುತ್ತೇನೆ.

ಅಂಗಡಿ ಅಪ್ಪನದು. ಕಾಯಿಲ್ ಸುತ್ತುವ ಮಷಿನ್ ಹಳೆಯದು, ಕೈಯಲ್ಲಿ ತಿರುಗಿಸುವುದು. ಅದರ ಕೌಂಟರ್ ಕೆಟ್ಟುಹೋಗಿತ್ತು. ಹಾಗಾಗಿ ಸುತ್ತು ಬಾಯಲ್ಲೇ ಎಣಿಸಬೇಕಿತ್ತು. ಒಂದೊಂದು ಕಾಯಿಲ್‌ಗೂ ಸುತ್ತು ಇಷ್ಟೇ ಅಂತ ಲೆಕ್ಕ ಇರುತ್ತದೆ. ಹಳೆಯ ಕಾಯಿಲ್ ಬಿಚ್ಚುವಾಗ ಎಣಿಸಿ ಬರೆದಿಟ್ಟುಕೊಂಡಿರುತ್ತೇವೆ, ಹೊಸದಕ್ಕೂ ಅಷ್ಟೇ ಬರಬೇಕು. ಕಮ್ಮಿಯಾದರೆ ಕರೆಂಟ್ ಜಾಸ್ತಿ ಎಳೆದು ಮೋಟರ್ ಬಿಸಿಯಾಗಿ ಮತ್ತೆ ಸುಡುತ್ತದೆ. ಬೇಸಿಗೆಯಲ್ಲಿ ಕೆಲಸ ರಾಶಿ ಬೀಳುತ್ತದೆ, ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಅಪ್ಪ ಸುತ್ತುವಾಗ ಯಾರಾದರೂ ಗಿರಾಕಿ ಬಂದು ಮಾತಾಡಿಸಿದರೆ ಲೆಕ್ಕ ತಪ್ಪುತ್ತಿತ್ತು. ಇವಳಿಗೆ ಆಗ ಎಂಟೋ ಒಂಬತ್ತೋ. ಮೂಲೆಯಲ್ಲಿ ತಂತಿ ಡ್ರಮ್ಮಿನ ಮೇಲೆ ಕೂತು ಹೋಂವರ್ಕ್ ಬರೆಯುತ್ತಿರುತ್ತಿದ್ದಳು. ಅಪ್ಪ ನಿಲ್ಲಿಸಿ ತಲೆ ಕೆರೆದುಕೊಂಡರೆ, ಪುಸ್ತಕದಿಂದ ತಲೆ ಎತ್ತದೆ "ಮೂವತ್ತೆಂಟು" ಅನ್ನುತ್ತಿದ್ದಳು. ಯಾರೂ ಅವಳಿಗೆ ಎಣಿಸು ಅಂದಿರಲಿಲ್ಲ. ಬರೆಯುತ್ತಲೇ ಎಣಿಸುತ್ತಿದ್ದಳು. ಒಂದು ಸಲವೂ ತಪ್ಪಿಲ್ಲ.

ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯ ಲೆಕ್ಕ ನೋಡುತ್ತಾಳೆ.

ಸಕಲೇಶಪುರದ ಮಳೆ

ಅಣ್ಣ, ಇದನ್ನೇ ಹೇಳಿ. ಒಂದಕ್ಷರ ಬದಲಾಯಿಸಬೇಡಿ. ನನಗೆ ಇಲ್ಲಿ ಕಣ್ಣು ತುಂಬಿತು.

ಮೂಡಿಗೆರೆ ತೋಟದವ

ಎಲ್ಲ ಸರಿ, ಹುಡುಗನ ಬಗ್ಗೆ ಒಂದು ಮಾತೂ ಇಲ್ಲವಲ್ಲ! ಬೀಗರ ಕಡೆಯವನಾಗಿ ನನಗೆ ಬೇಜಾರು. ನಿಮಗೆ ಅವರ ಬಗ್ಗೆ ಜಾಸ್ತಿ ಗೊತ್ತಿಲ್ಲದಿದ್ದರೆ, ಗೊತ್ತಿರುವ ಒಂದನ್ನೇ ಹೇಳಿ. ಮೊದಲ ಸಲ ಮನೆಗೆ ಬಂದಾಗ ಏನು ಮಾಡಿದರು?

ರಿವೈಂಡಿಂಗ್ ಅಣ್ಣ

ಭಾವ ಮೊದಲ ಸಲ ಬಂದಿದ್ದು ಮಾರ್ಚ್ ಕೊನೆಯಲ್ಲಿ. ಅವರ ತೋಟದಲ್ಲಿ ಹೂಮಳೆ ಬಿದ್ದು ಒಂಬತ್ತೋ ಹತ್ತೋ ದಿನವಾಗಿತ್ತು, ಕಾಫಿ ಹೂವು ಅರಳಿತ್ತಂತೆ. ಎಲ್ಲರೂ ಹಣ್ಣು, ಸ್ವೀಟ್ ಬಾಕ್ಸ್ ತರುತ್ತಾರೆ. ಇವರು ಅದರ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಾಫಿ ಕೊಂಬೆ ತಂದು ಅಮ್ಮನ ಕೈಗೆ ಕೊಟ್ಟರು. "ನಾಳೆ ನಾಡಿದ್ದಕ್ಕೆ ಉದುರಿ ಹೋಗುತ್ತೆ ಅತ್ತೆ, ಇವತ್ತೇ ವಾಸನೆ ನೋಡಿ" ಅಂದರು. ಅಮ್ಮ ಅದನ್ನು ಅಪ್ಪನ ಫೋಟೋಗೆ ಸಿಕ್ಕಿಸಿದರು. ಹೂ ಉದುರಿದ ಮೇಲೂ ಕಡ್ಡಿ ತೆಗೆದಿಲ್ಲ, ಅಲ್ಲೇ ಇದೆ.

ಅಪ್ಪನ ವಿಷಯ ಬಂತು, ಅದಕ್ಕೇ ಕೇಳುತ್ತೇನೆ. ಅಪ್ಪನ ಹೆಸರು ಎತ್ತಬಹುದಾ? ಶುಭಕಾರ್ಯದಲ್ಲಿ ತೀರಿಕೊಂಡವರ ಮಾತು ಬೇಡ ಅಂತ ಚಿಕ್ಕಪ್ಪ ಹೇಳುತ್ತಾರೆ. ನನಗೂ ಗಂಟಲು ಕಟ್ಟುತ್ತದೋ ಅನ್ನುವ ಹೆದರಿಕೆ.

ಆಲೂರು ಮೇಷ್ಟ್ರು

ಮದುವೆಗೆ ಮುಂಚೆ ನಾಂದಿ ಮಾಡಿ ಪಿತೃಗಳನ್ನು ಕರೆಯುವ ಜನ ನಾವು. ಅವರ ಮಾತು ಬೇಡ ಅಂದರೆ ಹೇಗೆ? ಸತ್ತರು ಅನ್ನಬೇಡ, ಅತ್ತರು ಅನ್ನಬೇಡ. ಅಂಗಡಿ ಅಪ್ಪನದು, ಸುತ್ತುತ್ತಿದ್ದವರು ಅಪ್ಪ, ಎಣಿಸುತ್ತಿದ್ದವಳು ಇವಳು. ಅವರು ಕಥೆಯ ಒಳಗೆ ಬದುಕೇ ಇದ್ದಾರಲ್ಲ. ಆಮೇಲೆ ಅವರಿಗೆಂದು ಬೇರೆ ವಾಕ್ಯ ಬೇಕಿಲ್ಲ. ಗಂಟಲು ಕಟ್ಟಿದರೆ ನೀರು ಕುಡಿ. ಅಣ್ಣನ ಗಂಟಲು ಕಟ್ಟಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು. ಇದನ್ನು ಆರತಕ್ಷತೆಯಲ್ಲಿ ಹೇಳಬೇಡ. ಚಪ್ಪರದ ರಾತ್ರಿ ಮನೆಯಲ್ಲಿ ಹೇಳು. ಮೈಕ್ ಹುಡುಗ ಸರಿಯಾಗಿ ಹೇಳಿದ್ದಾನೆ.

ಕೊಪ್ಪದ ಅಡಿಕೆ

ತಡವಾಗಿ ಬಂದೆ. ಭಾಷಣವೇ ಮದುವೆಯ ಮುಖ್ಯ ಭಾಗ ಆಗಿರುವ ಪದ್ಧತಿಯೂ ನಮ್ಮಲ್ಲೇ ಇದೆ ಅಂತ ಹೇಳೋಣ ಅನ್ನಿಸಿತು. ಮಂತ್ರ ಮಾಂಗಲ್ಯ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೆ ಮಾಡಿಸಿದ್ದು. ತೇಜಸ್ವಿ ಆಮೇಲೆ ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡು ನೆಲೆಸಿದವರು. ನಮ್ಮದೂ ಅದೇ ರೀತಿ ಆಯಿತು. ಪುರೋಹಿತರಿಲ್ಲ, ವಾಲಗವಿಲ್ಲ, ಮನೆ ಅಂಗಳದಲ್ಲಿ ಎಂಬತ್ತು ಜನ. ಕನ್ನಡದಲ್ಲೇ ಪ್ರತಿಜ್ಞೆ ಓದಿಸಿದರು, ನಾವು ಒಂದೊಂದೇ ವಾಕ್ಯ ಹೇಳಿದೆವು. ಅಷ್ಟು ಮಾತು ಅಷ್ಟು ನಿಶ್ಶಬ್ದದಲ್ಲಿ ಕೇಳಿಸಿದ್ದು ಯಾಕೆಂದರೆ, ಜನ ಕೇಳುವುದಕ್ಕೇ ಬಂದಿದ್ದರು, ನಾವು ಊಟವನ್ನು ಒಂದು ಗಂಟೆಗೆ ಅಂತ ಮೊದಲೇ ಹೇಳಿದ್ದೆವು.

ಮೈಕ್ ಸೆಟ್ ಹಾಸನ

ಬೀಗರ ಊಟದ ದಿನ ಮಾತಾಡುತ್ತೇನೆ ಅಂತ ಮಾತ್ರ ಹೋಗಬೇಡಿ. ಮುದ್ದೆ, ಮಟನ್ ಸಾರು ಮುಂದಿರುವಾಗ ಯಾರ ಮಾತಿಗೂ ಬೆಲೆ ಇಲ್ಲ.

ರಿವೈಂಡಿಂಗ್ ಅಣ್ಣ

ಮದುವೆ ಆಯಿತು. ಬರೆಯಲು ತಡವಾಯಿತು, ಪಾತ್ರೆ ವಾಪಸ್ ಕೊಡುವುದು, ಲೆಕ್ಕ ಚುಕ್ತಾ ಮಾಡುವುದು, ಒಂದು ವಾರ ಅದೇ ಆಯಿತು. ಬಿತ್ತನೆ ಬೇರೆ.

ಚಪ್ಪರದ ರಾತ್ರಿ ಮನೆ ಮುಂದೆಯೇ ಹೇಳಿದೆ. ಊಟಕ್ಕೆ ಎಲೆ ಹಾಕುವ ಮುಂಚೆ, ಅದು ಮೇಷ್ಟ್ರ ಮಾತು. ಸಂಜೆ ಮಳೆ ಬಂದು ಕರೆಂಟ್ ಹೋಗಿತ್ತು, ಮೈಕೂ ಇಲ್ಲ. ಅರವತ್ತು ಎಪ್ಪತ್ತು ಜನ, ಎರಡು ಗ್ಯಾಸ್ ಲೈಟ್. ಬೆಂಗಳೂರಿನ ಗೆಳತಿಯರು ಮುಂಚಿನ ದಿನವೇ ಬಂದಿದ್ದರು, ಅವರೂ ಚಾಪೆ ಮೇಲೆ ಕೂತಿದ್ದರು. ಭಾವನ ಕಡೆಯಿಂದ ಅವರ ತಮ್ಮ ಒಬ್ಬರೇ, ಏನೋ ಸಾಮಾನು ಕೊಡಲು ಬಂದವರು ನಿಂತುಕೊಂಡರು.

ಬ್ರೆಡ್ ಕಥೆಯಿಂದ ಶುರು ಮಾಡಿದೆ, ನಕ್ಕರು. ಆಮೇಲೆ ಕಾಫಿ ಕೊಂಬೆ. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು, ನಾನು ಆ ಕಡೆ ನೋಡಲಿಲ್ಲ. ಆಮೇಲೆ ಅಂಗಡಿ. ಎಲ್ಲ ಸರಿ ಹೋಗುತ್ತಿತ್ತು. "ಅಪ್ಪ ಸುತ್ತುವುದು ನಿಲ್ಲಿಸಿ ತಲೆ ಕೆರೆದುಕೊಳ್ಳುತ್ತಿದ್ದರು" ಅನ್ನುವ ತನಕ ಬಂದೆ. ಅಲ್ಲಿಗೆ ನಿಂತುಹೋಯಿತು. ಮುಂದಿನ ಸಾಲು ತಲೆಯಲ್ಲಿದೆ, ಗಂಟಲಿಂದ ಬರುತ್ತಿಲ್ಲ. ಕಡೂರಿನವರು ಎರಡು ಸೆಕೆಂಡ್ ಅಂದಿದ್ದರು. ಎರಡು ಸೆಕೆಂಡ್ ಅಲ್ಲ ಸ್ವಾಮಿ ಅದು. ಜೇಬಿನಲ್ಲಿ ಚೀಟಿ ಇದೆ, ಕೈ ಹೋಗುತ್ತಿಲ್ಲ.

ಆಗ ತಂಗಿ, ಮೆಹಂದಿ ಹಚ್ಚಿದ ಎರಡು ಕೈಯನ್ನೂ ಮುಂದೆ ಚಾಚಿಕೊಂಡು ಕೂತವಳು, ತಲೆ ಎತ್ತದೆ "ಮೂವತ್ತೆಂಟು" ಅಂದಳು.

ಆಮೇಲೆ ನಾನು ಏನು ಹೇಳಿದೆನೋ ನೆನಪಿಲ್ಲ. ಚಿಕ್ಕಪ್ಪನೇ ಎಲೆ ಹಾಕಿಸಿದರು.

ಆರತಕ್ಷತೆಯಲ್ಲಿ ಮೂರೇ ವಾಕ್ಯ. ನಮಸ್ಕಾರ, ನಾನು ಹುಡುಗಿಯ ಅಣ್ಣ, ಎಲ್ಲರೂ ಲೋಟ ಎತ್ತಿ. ಬಾದಾಮಿ ಹಾಲಿನ ಪೇಪರ್ ಲೋಟ. ಅರ್ಧ ಜನ ಆಗಲೇ ಕುಡಿದು ಮುಗಿಸಿ ಖಾಲಿ ಲೋಟ ಎತ್ತಿದರು. ಗೆಳೆಯರು ಒಬ್ಬೊಬ್ಬರೇ ಮಾತಾಡುವಷ್ಟರಲ್ಲಿ ಲೈನ್ ಕಲ್ಯಾಣ ಮಂಟಪದ ಗೇಟ್ ಮುಟ್ಟಿತ್ತು. ನಾಲ್ಕನೆಯವರಿಗೆ ಮೈಕೇ ಸಿಗಲಿಲ್ಲ.

ಮೈಕ್ ಸೆಟ್ ಹಾಸನ

ಆ ಮಂಟಪದಲ್ಲಿ ಅವತ್ತು ಮೈಕ್ ಹಾಕಿದ್ದು ನಾನೇ ಅಣ್ಣ! ನಿಮ್ಮ ಮೊದಲ "ನಮಸ್ಕಾರ" ಚೆನ್ನಾಗಿ ಕೇಳಿಸಿತು. ನಾಲ್ಕನೆಯವರ ಮೈಕ್ ಆಫ್ ಮಾಡಿದ್ದೂ ನಾನೇ. ಊಟದ ಹಾಲ್‌ನವರು ಹೇಳಿ ಕಳಿಸಿದ್ದರು, ಚಿರೋಟಿ ತಣ್ಣಗಾಗುತ್ತಿದೆ ಅಂತ.

ಸೋಬಾನೆ ಸೊಸೆ

ಚಪ್ಪರದಲ್ಲಿ ಸೋಬಾನೆ ಹಾಡಿದರಾ, ಇಲ್ವಾ?

ರಿವೈಂಡಿಂಗ್ ಅಣ್ಣ

ಹಾಡಿದರಕ್ಕ. ನೀವು ಬರೆದ ಬಾಗಿಲ ಪಟ್ಟಿ ಪದವನ್ನು ನನ್ನ ಹೆಂಡತಿ ಫೋನ್ ನೋಡಿಕೊಂಡು ನಮ್ಮ ದೊಡ್ಡಮ್ಮನಿಗೆ ಹೇಳಿಕೊಟ್ಟಳು. ಭಾವನ ತಮ್ಮ ಆರಡಿ ಎತ್ತರ. ನಿಜವಾಗಿಯೂ ತಲೆ ಬಡಿಸಿಕೊಂಡರು.